ಹತ್ತನೆಯ ಬಿಳಿ ತುಂಡು

ಜುವೈರಿಯಾ ಅಡುಗೆಮನೆಗೆ ಅಂಟಿದ ಶೆಡ್ಡಿನ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಒದ್ದೆ ಬಟ್ಟೆಯನ್ನು ಒತ್ತಿ ಒತ್ತಿ ಪ್ಲಾಸ್ಟಿಕ್ ಚೂರುಗಳನ್ನು ಎತ್ತುತ್ತಿದ್ದಳು. ಪೊರಕೆ ಹಾಕಿದರೆ ಅವು ಹಾರಿ ಮೂಲೆ ಸೇರುತ್ತವೆ, ಬರಿಗೈ ಹಾಕಿದರೆ ಉಗುರಿನ ಸಂದಿಗೆ ಚುಚ್ಚುತ್ತವೆ. ಒದ್ದೆ ಬಟ್ಟೆಗೆ ಮಾತ್ರ ಜಗಳವಿಲ್ಲದೆ ಬಂದು ಅಂಟುತ್ತವೆ. ಲೇತಿನ ಕಾಲಬುಡದಲ್ಲಿ ಒಂದು ಹಿಡಿ, ಕಿಟಕಿಯ ಕೆಳಗೆ ನಾಲ್ಕೈದು, ಭಾವನ ಚಪ್ಪಲಿಯೊಳಗೆ ಎರಡು. ಎಲ್ಲ ನಿನ್ನೆ ಸಂಜೆ ತೀರಿಹೋದ ಒಂಬತ್ತನೆಯ ತುಂಡಿನವು.

ಒಂದು ದೊಡ್ಡ ಚೂರನ್ನು ಬೆಳಕಿಗೆ ಹಿಡಿದು ನೋಡಿದಳು. ಮೈಸುತ್ತ ಸಣ್ಣ ಸಣ್ಣ ಗೆರೆಗಳಿದ್ದವು, ಹಾಡಿನ ಪ್ಲೇಟಿನ ಮೇಲೆ ಇರುವ ಹಾಗೆ. ಒಡೆದ ಅಂಚು ಕಂದಿತ್ತು. ಒಣಗಿಸಿ ಉಜ್ಜಿದ್ದಾರೆ, ಒತ್ತಿ ಉಜ್ಜಿದ್ದಾರೆ, ಬಿಸಿಯಾಗಿ ಸಿಡಿದಿದೆ. ಇಷ್ಟನ್ನು ಅವಳು ನಿನ್ನೆಯೇ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಂಡುಕೊಂಡಿದ್ದಳು. ಹೇಳುವುದು ಯಾರಿಗೆ, ಹೇಗೆ ಎಂಬುದೇ ಅವಳ ಕಷ್ಟವಾಗಿತ್ತು.

ಈ ಲೇತ್ ಮನೆಗೆ ಬಂದದ್ದೇ ಒಂದು ಕತೆ. ಈ ಅರಬ್ ದೇಶದ ಇನ್ನೊಂದು ತುದಿಯಲ್ಲಿರುವ ದುಖಾನಿನ ತೈಲ ಕಂಪನಿಯಲ್ಲಿದ್ದ ಒಬ್ಬ ಇಂಗ್ಲಿಷಿನವನು ಊರಿಗೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಮಾರಲಿಟ್ಟಿದ್ದ. ಅಕ್ಕ ಖೈರುನ್ನಿಸಾ ಮಂಚ ನೋಡಿಕೊಂಡು ಬರಲು ಗಂಡನನ್ನು ಅಷ್ಟು ದೂರ ಕಳಿಸಿದ್ದಳು. ಅಬ್ದುಲ್ಲಾ ಮಂಚ ನೋಡಿದ, ಅದರ ಪಕ್ಕದಲ್ಲಿದ್ದ ತೋಳುದ್ದದ ಪುಟ್ಟ ಲೇತನ್ನೂ ನೋಡಿದ, ಲೇತನ್ನು ಎತ್ತಿಕೊಂಡು ಅಲ್ ಹಿಲಾಲಿನ ಮನೆಗೆ ವಾಪಸು ಬಂದ. ತುಂಡನ್ನು ಗರಗರ ತಿರುಗಿಸಿ, ಉಳಿಯಿಂದ ಕಡೆದು ಪೆನ್ನು ಮಾಡುವ ಲೇತ್ ಅದು. ಜೊತೆಗೆ ನಿಬ್ಬು, ಕ್ಲಿಪ್ಪುಗಳ ಪೊಟ್ಟಣ, ಮತ್ತು ಒಂದು ಡಬ್ಬಿಯಲ್ಲಿ ಹತ್ತು ಪ್ಲಾಸ್ಟಿಕ್ ತುಂಡುಗಳು. ಗೇಣುದ್ದದ ಚೌಕ ಕೋಲುಗಳು, ಹಾಲಿನಲ್ಲಿ ಮುತ್ತನ್ನು ಅರೆದು ಕದಡಿದಂಥ ಬಿಳುಪು. ಖೈರುನ್ನಿಸಾ ಇವತ್ತಿಗೂ ಬೆನ್ನು ನೋವು ಬಂದಾಗಲೆಲ್ಲ ಆ ಮಂಚವನ್ನು ನೆನೆಯುತ್ತಾಳೆ.

ಅಬ್ದುಲ್ಲಾ ಇಪ್ಪತ್ತು ವರ್ಷದ ಟರ್ನರ್. ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪಿನಲ್ಲಿ ಪಂಪುಗಳ ಶಾಫ್ಟ್ ಕಡೆಯುವವನು. ಕಬ್ಬಿಣ ಅವನ ಕೈಯಲ್ಲಿ ಬೆಣ್ಣೆಯ ಹಾಗೆ ಮಾತು ಕೇಳುತ್ತಿತ್ತು. ಪ್ಲಾಸ್ಟಿಕ್ ಕೇಳಲಿಲ್ಲ. ಮೊದಲ ನಾಲ್ಕು ತುಂಡುಗಳು ತೂತು ಕೊರೆಯುವಾಗಲೇ ಹೋದವು, ಮತ್ತೆರಡು ಉಳಿಯ ಏಟಿಗೆ. ಅಷ್ಟರಲ್ಲಿ ಕಡೆಯುವುದು ಅವನಿಗೆ ಹತ್ತಿತು, ಆದರೆ ಪಾಲಿಶ್ ಹತ್ತಲಿಲ್ಲ. ಏಳನೆಯದನ್ನು ಕಬ್ಬಿಣ ಉಜ್ಜುವ ಕಾಗದದಿಂದಲೇ ಉಜ್ಜಿದ, ಟಿಕ್ ಎಂದಿತು. ಎಂಟನೆಯದಕ್ಕೆ ತಣ್ಣಗಿರಲಿ ಎಂದು ವರ್ಕ್‌ಶಾಪಿನಿಂದ ಲೇತಿಗೆ ಸುರಿಯುವ ಹಾಲಿನಂಥ ಎಣ್ಣೆನೀರನ್ನು ಬಾಟಲಿಯಲ್ಲಿ ತಂದು ಸುರಿದ. ತುಂಡು ಒಡೆಯಲಿಲ್ಲ. ಎಣ್ಣೆಯಲ್ಲಿದ್ದ ಕಬ್ಬಿಣದ ಹುಡಿಯನ್ನು ಕುಡಿದು ಮುತ್ತು ಹೋಗಿ ಸಿಮೆಂಟಾಯಿತು. ಒಂಬತ್ತನೆಯದು ಈಗ ಜುವೈರಿಯಾಳ ಒದ್ದೆ ಬಟ್ಟೆಯಲ್ಲಿತ್ತು.

ಉಳಿದದ್ದು ಒಂದು. ಅದೂ ಒಡೆದರೆ ಲೇತನ್ನು ಜೇಕಬನಿಗೆ ಕೊಟ್ಟುಬಿಡುವುದೆಂದು ಅಬ್ದುಲ್ಲಾ ಮಾತು ಕೊಟ್ಟಾಗಿತ್ತು. ಜೇಕಬ್ ಗೋಡೆಯಾಚೆಯ ಪೋರ್ಶನ್ನಿನವನು, ಕಾಸರಗೋಡಿನ ಕಡೆಯವನು. ಅವನಿಗೆ ಪೆನ್ನೂ ಬೇಡ, ಲೇತೂ ಬೇಡ. ಅದರ ಮೋಟಾರು ಬೇಕು. ಅವನ ಹೆಂಡತಿ ತೆರೆಜಾ ಊರಿನಿಂದ ತಂದಿದ್ದ ಗ್ರೈಂಡರಿನ ಮೋಟಾರು ಸುಟ್ಟು ಮೂರು ವಾರದಿಂದ ಆ ಮನೆಯಲ್ಲಿ ದೋಸೆ ಇರಲಿಲ್ಲ.

ಜುವೈರಿಯಾಳಿಗೆ ಮಾತ್ರ ಆ ಲೇತ್ ಹೋಗಕೂಡದು. ಅಕ್ಕನ ಬಾಣಂತನಕ್ಕೆಂದು ಬಂದು ಎಂಟು ತಿಂಗಳಾಗಿತ್ತು. ಏಳನೆಯ ತುಂಡು ಒಡೆದ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಅವಳು ಒಂದು ಚೂರನ್ನು ನಲ್ಲಿಯ ಕೆಳಗೆ ಹಿಡಿದು, ಲೇತಿನ ಜೊತೆ ಬಂದಿದ್ದ ವಾಟರ್ ಪೇಪರಿನಿಂದ ಉಜ್ಜಿ ನೋಡಿದ್ದಳು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ, ನೀರಿನಲ್ಲಿ ನೆನೆಸಿ ಉಜ್ಜುವ ಕಾಗದ ಅದು. ಹಿಂಬದಿಯಲ್ಲಿ ನಂಬರು ಇರುತ್ತದೆ. ನಂಬರು ದೊಡ್ಡದಾದಷ್ಟೂ ಕಾಗದ ನಯ. ನಾನೂರು, ಆರುನೂರು, ಸಾವಿರ, ಒಂದೂವರೆ ಸಾವಿರ, ಎರಡು ಸಾವಿರ. ಕೊನೆಗೆ ಆ ಚೂರಿನೊಳಗೆ ಅಡುಗೆಮನೆಯ ಕಿಟಕಿ ಸರಳು ಸಮೇತ ಕಂಡಿತು. ಅವತ್ತಿನಿಂದ ಅವಳಿಗೆ ಒಂದು ಇಡೀ ಪೆನ್ನನ್ನು ಹಾಗೆ ಹೊಳೆಯಿಸಬೇಕೆಂಬ ಆಸೆ ಹುಟ್ಟಿ, ಅನ್ನ ಬಸಿಯುವಾಗಲೂ ಬಿಡದಾಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳಿಗೆ ಪೆನ್ನಿನಿಂದ ಏನಾಗಬೇಕಿದೆ ಎಂದು ಯಾರಾದರೂ ಕೇಳಿದ್ದರೆ ಅವಳಲ್ಲಿ ಉತ್ತರವಿರಲಿಲ್ಲ. ಬೆರಳುಗಳಲ್ಲಿ ಮಾತ್ರ ಇತ್ತು. ಬೀಡಿಯ ಎಲೆಯನ್ನು ಒಣಗಿದ ಹಾಗೇ ಕತ್ತರಿಸಿದರೆ ಸೀಳುತ್ತದೆ. ನೀರಿನಲ್ಲಿ ನೆನೆಸಿ, ಗೋಣಿಯಲ್ಲಿ ಸುತ್ತಿಟ್ಟು, ಹದ ನೋಡಿ ಕತ್ತರಿ ಹಾಕಬೇಕು. ಮಡಚುವಾಗ ಬೆರಳಿಗೆ ಎಲೆ ತಿಳಿಯಬೇಕು, ಎಲೆಗೆ ಬೆರಳು ತಿಳಿಯಬಾರದು.

ಇದನ್ನು ಭಾವನಿಗೆ ಹೇಳಿಬಿಡಬಹುದಿತ್ತಲ್ಲ ಎಂದರೆ, ಅದೇ ಆಗದ ಮಾತು. ಅವರ ಮನೆಗಳಲ್ಲಿ ಹೆಂಡತಿಯ ತಂಗಿ ಭಾವನೆದುರು ಬಂದು ಮಾತಾಡುವ ಕ್ರಮವಿಲ್ಲ. ಎಂಟು ತಿಂಗಳಲ್ಲಿ ಅವಳು ಅಬ್ದುಲ್ಲಾನಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಏನಿದ್ದರೂ ಬಾಗಿಲ ಹಿಂದಿನಿಂದ, ಅಕ್ಕನ ಬಾಯಿಯ ಮೂಲಕ. ಅಕ್ಕನ ಬಾಯಿಯಾದರೋ ಅಂಚೆಯವನ ಚೀಲದ ಹಾಗಲ್ಲ. ಹಾಕಿದ್ದೆಲ್ಲ ತಲುಪುತ್ತದೆಂದು ಹೇಳುವಂತಿಲ್ಲ, ಹಾಕದೇ ಇದ್ದದ್ದೂ ಕೆಲವು ತಲುಪುತ್ತಿದ್ದವು.

ಶುಕ್ರವಾರ, ರಜೆ. ಒಂಬತ್ತು ಗಂಟೆಗೆ ಗಿರಿಯಪ್ಪ ಬಂದ. ಊರು ಮೂಲ್ಕಿಯ ಹತ್ತಿರ, ಇಲ್ಲಿ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಗುಮಾಸ್ತ, ಮನೆಯ ಹೆಂಗಸರಿಗೂ ಅಣ್ಣನ ಹಾಗಿದ್ದವನು. ಈ ಪೆನ್ನಿನ ಗಲಾಟೆಗೆಲ್ಲ ಅವನೇ ಕಾರಣ. ಅವನ ಸುಡಾನಿ ಮ್ಯಾನೇಜರು ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಊರಿಗೆ ಹೊರಟಿದ್ದ, ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಬೀಳ್ಕೊಡುಗೆ.

"ಎಂತ ಅಬ್ದುಲ್ಲಾಕ, ಪೇಶೆಂಟ್ ಹೇಗಿದ್ದಾನೆ?"

"ಒಂಬತ್ತನೆಯವನು ಹೋದ."

"ಅಯ್ಯೋ ದೇವರೇ. ಎಷ್ಟು ಹೊತ್ತಿಗೆ?"

"ಸಂಜೆಯ ಮಗ್ರಿಬ್ ನಮಾಝ್ ಕಳೆದು ಹತ್ತು ನಿಮಿಷಕ್ಕೆ."

ಗಿರಿಯಪ್ಪ ಟೋಪಿ ಇಲ್ಲದ ತಲೆಯಿಂದ ಟೋಪಿ ತೆಗೆದವನಂತೆ ಮಾಡಿ ಸ್ಟೂಲಿನ ಮೇಲೆ ಕೂತ. "ನಾಳೆ ಹತ್ತು ಗಂಟೆಗೆ ಸೆಂಡಾಫ್. ಹ್ಯಾಂಡ್‌ಮೇಡ್ ಪೆನ್ನು ಕೊಡ್ತೇವೆ ಅಂತ ಇಡೀ ಆಫೀಸಿಗೆ ಸಾರಿದ್ದೇನೆ. ಇನ್ನು ಅಂಗಡಿ ಪೆನ್ನು ಹಿಡ್ಕೊಂಡು ಹೋದ್ರೆ ನನ್ನ ಮುಖ ಎಲ್ಲಿ ಇಡುದು?"

"ಈಗ ಇದ್ದಲ್ಲೇ ಇಡಿ. ಬೇರೆ ಜಾಗಕ್ಕೆ ಸರಿಹೋಗ್ಲಿಕ್ಕಿಲ್ಲ."

"ತಮಾಷೆ ಬೇಡ ಮಾರಾಯ್ರೆ. ಇದು ಒಳ್ಳೇದಾದ್ರೆ ಕಂಪನಿಯ ಡೈರೆಕ್ಟರುಗಳಿಗೆ ಇನ್ನೂ ಹನ್ನೆರಡು ಬೇಕು ಅಂತ ಆಫೀಸಿನಲ್ಲಿ ಹೇಳಿದ್ದಾರೆ. ದುಖಾನಿನಲ್ಲಿ ಇನ್ನೊಬ್ಬ ಬಿಳಿಯನ ಹತ್ರ ಇಂಥದ್ದೇ ತುಂಡು ಬೇಕಾದಷ್ಟು ಉಂಟಂತೆ."

ಹನ್ನೆರಡು ಎಂಬ ಮಾತು ಬಾಗಿಲ ಹಿಂದೆ ತಲುಪಿತು. ಜುವೈರಿಯಾ ಸೌಟನ್ನು ಹಿಡಿದೇ ನಿಂತಳು.

ಅಬ್ದುಲ್ಲಾ ಹತ್ತನೆಯ ತುಂಡನ್ನು ಎರಡಾಗಿ ಕೊಯ್ದು, ತೂತು ಕೊರೆದು, ಒಳಗೆ ಹಿತ್ತಾಳೆಯ ಕೊಳವೆ ಅಂಟಿಸಿ, ಎರಡನ್ನೂ ಒಂದೇ ಸರಳಿಗೆ ಪೋಣಿಸಿ ಲೇತಿಗೆ ಕೊಟ್ಟ. ಒಂದು ಪೆನ್ನಿನ ಮೇಲರ್ಧ, ಇನ್ನೊಂದು ಕೆಳಗರ್ಧ. ಕಡೆಯುವುದು ಚೆನ್ನಾಗಿಯೇ ನಡೆಯಿತು. ಬಿಳಿ ಸುರುಳಿಗಳು ತೆಂಗಿನ ತುರಿಯ ಹಾಗೆ ಅವನ ಮೊಣಕೈ ಮೇಲೆ ಬಿದ್ದವು. ಹತ್ತೂವರೆಗೆ ಎರಡೂ ಅರ್ಧಗಳು ಉರುಟಾದವು, ನೋಡಲಿಕ್ಕೆ ಸೀಮೆಸುಣ್ಣದ ಕಡ್ಡಿಗಳ ಹಾಗಿದ್ದವು. ಅವನು ಕಾಗದ ಕೈಗೆತ್ತಿಕೊಂಡ. ಒಣ ಕಾಗದ.

"ಅಕ್ಕ," ಜುವೈರಿಯಾ ಪಿಸುಗುಟ್ಟಿದಳು, "ನೀರು ಹಾಕಿ ಉಜ್ಜಲಿಕ್ಕೆ ಹೇಳು. ಮತ್ತೆ ಆಗಾಗ ಮಶೀನ್ ನಿಲ್ಲಿಸಿ ಉದ್ದಕ್ಕೆ ಉಜ್ಜಬೇಕು."

ಖೈರುನ್ನಿಸಾ ಬಿರಿಯಾನಿಗೆ ಈರುಳ್ಳಿ ಕರಿಯುತ್ತಿದ್ದಳು. ತಲೆ ಎತ್ತದೆ ಕೂಗಿದಳು: "ಕೇಳ್ತದಾ? ಮಶೀನ್ ನಿಲ್ಲಿಸ್ಬೇಕಂತೆ!"

"ಯಾಕೆ, ಊಟ ಆಯ್ತಾ?"

"ಊಟ ಅಲ್ಲ. ಉದ್ದಕ್ಕೆ ಉಜ್ಜಬೇಕಂತೆ."

"ಯಾರಂತೆ ಹೇಳಿದ್ದು?"

"ಬಾಗಿಲು ಹೇಳಿದ್ದು."

"ಬಾಗಿಲಿಗೆ ಹೇಳು, ನಾನು ಇಪ್ಪತ್ತು ವರ್ಷದಿಂದ ಸುತ್ತುವುದನ್ನೇ ಉಜ್ಜಿದವ."

"ಸುತ್ತುವಾಗ ಉಜ್ಜಿದ್ರೆ ಗೆರೆ ಸುತ್ತಲೂ ಉಳೀತದೆ ಅಕ್ಕ. ನಿಲ್ಲಿಸಿ ಉದ್ದಕ್ಕೆ ಉಜ್ಜಿದ್ರೆ ಆ ಗೆರೆ ಸಾಯ್ತದೆ. ಆಮೇಲೆ ಮುಂದಿನ ನಂಬರಿನ ಕಾಗದ. ನೀರಿಲ್ಲದಿದ್ರೆ ಬಿಸಿಯಾಗಿ..."

"ಇಷ್ಟು ಉದ್ದ ನನಗೆ ನೆನಪಿರುದಿಲ್ಲ ಹೆಣ್ಣೇ, ಈರುಳ್ಳಿ ಕರಟ್ತದೆ." ಮತ್ತೆ ಗಂಟಲೇರಿಸಿ, "ನೀರು ಹಾಕ್ಬೇಕಂತೆ! ಮತ್ತೆ ಆ ಲೇತ್ ತೆಗೆದು ಅಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಟ್ಟಬೇಕಂತೆ!"

"ಹಗ್ಗದ್ದೂ ಬಾಗಿಲೇ ಹೇಳಿದ್ದಾ?"

"ಹಗ್ಗದ್ದು ನಾನು ಹೇಳಿದ್ದು."

ಗಿರಿಯಪ್ಪ ನಡುವೆ ಬಾಯಿ ಹಾಕಿದ. "ಅಬ್ದುಲ್ಲಾಕ, ಬಾಗಿಲು ಹೇಳುದ್ರಲ್ಲಿ ಪಾಯಿಂಟ್ ಉಂಟು."

"ಗಿರಿಯಪ್ಪಣ್ಣ, ಕರೆಂಟಿನ ಮಶೀನಿಗೆ ನೀರು ಹಾಕಿದ್ರೆ ನಾಳೆ ನೀವು ಎರಡು ಸೆಂಡಾಫ್ ಮಾಡ್ಬೇಕಾದೀತು."

ಆದರೂ ಹತ್ತನೆಯದಲ್ಲವೇ, ಅಬ್ದುಲ್ಲಾ ಈ ಸಲ ಒತ್ತಲಿಲ್ಲ. ಕಾಗದವನ್ನು ಹಗುರಾಗಿ ಆಡಿಸಿ, ಆರುನೂರರ ತನಕ ಬಂದು, ಧೈರ್ಯ ಸಾಲದೆ ನಿಲ್ಲಿಸಿದ. ಅಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೇಳಿತು. "ಖಲಾಸ್. ಜುಮಾ ನಮಾಝ್ ಮುಗಿಸಿ ಬರ್ತೇನೆ. ಇದನ್ನು ಯಾರೂ ಮುಟ್ಟಬೇಡಿ," ಎಂದು ಕೈ ತೊಳೆದು ಹೊರಟ.

ಮನೆ ಶಾಂತವಾಯಿತು. ಮುಂದಿನ ಕೋಣೆಯಲ್ಲಿ ಗಿರಿಯಪ್ಪ ಹದಿನೈದು ದಿನ ಹಳೆಯ ಪೇಪರನ್ನು ಮುಖದ ಮೇಲೆ ಹರಡಿಕೊಂಡು ಗೊರಕೆ ಹೊಡೆಯತೊಡಗಿದ. ಖೈರುನ್ನಿಸಾ ಮಗು ಫಾಯಿಝ್‌ನನ್ನು ಮೀಯಿಸಲು ಹೋದಳು. ಜುವೈರಿಯಾ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಶೆಡ್ಡನ್ನು ನೋಡಿದಳು. 'ಯಾರೂ' ಎಂದರೆ ತಾನೂ ಸೇರಿದೆಯೇ? ಭಾವ ತನ್ನೊಡನೆ ಮಾತೇ ಆಡುವುದಿಲ್ಲವಲ್ಲ, ಹಾಗಾದರೆ ಆ ಮಾತು ತನಗೆ ಹೇಳಿದ್ದಾಗಿರಲಿಕ್ಕಿಲ್ಲ ಎಂದು ತೀರ್ಮಾನಿಸಿ ಒಳಗೆ ಹೋದಳು.

ಮೊದಲು ಪ್ಲಗ್ಗನ್ನು ಕಿತ್ತಳು. ಚಹಾದ ತಟ್ಟೆಯಲ್ಲಿ ನೀರು ತಂದಿಟ್ಟು ಸಾವಿರದ ಕಾಗದವನ್ನು ಕಿರುಬೆರಳಗಲಕ್ಕೆ ಹರಿದು ನೆನೆಸಿದಳು. ಎಡಗೈಯಲ್ಲಿ ಲೇತಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ, ಬಲಗೈಯ ಎರಡು ಬೆರಳಲ್ಲಿ ಕಾಗದವನ್ನು ಮೇಲರ್ಧಕ್ಕೆ ತಾಗಿಸಿದಳು, ತಾಗಿಸಿದಷ್ಟೇ. ಹಾಲಿನ ಹನಿಯಂಥ ನೀರು ಇಳಿಯಿತು. ಅದನ್ನು ಒರೆಸಿದಳು, ಚಕ್ರ ಬಿಟ್ಟಳು, ಈಗ ಉದ್ದಕ್ಕೆ ಉಜ್ಜಿದಳು. ಮುಖವನ್ನು ಹತ್ತಿರ ತಂದು ಗೆರೆ ಹುಡುಕಿದಳು. ಒಂದು ಸಿಕ್ಕಿತು, ಅದು ಹೋಗುವ ತನಕ ಮುಂದಿನ ಕಾಗದಕ್ಕೆ ಹೋಗಲಿಲ್ಲ. ಒಂದೂವರೆ ಸಾವಿರ. ಎರಡು ಸಾವಿರ. ಆ ಕಾಗದ ಎಷ್ಟು ನಯವಿತ್ತೆಂದರೆ, ಅದು ಉಜ್ಜುತ್ತಿದೆಯೋ ಮುದ್ದು ಮಾಡುತ್ತಿದೆಯೋ ತಿಳಿಯುತ್ತಿರಲಿಲ್ಲ. ಕೊನೆಗೆ ಮಗುವಿನ ಹಳೆಯ ಮೆತ್ತನೆಯ ಬಟ್ಟೆಯನ್ನು ಒದ್ದೆ ಮಾಡಿ, ಅದರ ಮೇಲೆ ಚಿಟಿಕೆ ಬಿಳಿ ಹಲ್ಲುಪುಡಿ ಹಾಕಿ ತಿಕ್ಕಿದಳು. ಸೀಮೆಸುಣ್ಣ ಹೋಗಿ ಒಳಗಿನಿಂದ ಮುತ್ತು ಎದ್ದು ಬಂತು. ಅದರೊಳಗೆ ಕಿಟಕಿ ಕಂಡಿತು, ಅವಳ ಮೂಗು ಕಂಡಿತು, ಮತ್ತು ಬಾಗಿಲಲ್ಲಿ ನಿಂತಿದ್ದ ಗಿರಿಯಪ್ಪ ಕಂಡ.

ಅವಳ ಕೈಯಿಂದ ಬಟ್ಟೆ ಬಿತ್ತು.

"ನಾನು ನೀರು ಕುಡೀಲಿಕ್ಕೆ ಬಂದದ್ದು," ಎಂದ ಗಿರಿಯಪ್ಪ, ಕಣ್ಣು ಪೆನ್ನಿನ ಮೇಲಿಟ್ಟು. "ಎಬೆ! ಇದು ನೀನು ಮಾಡಿದ್ದಾ ತಂಗಿ?"

"ಭಾವನಿಗೆ ಹೇಳ್ಬೇಡಿ ಗಿರಿಯಪ್ಪಣ್ಣ."

"ಎಂತ ಹೇಳುದು? ನಾನು ಏನೂ ನೋಡಿಯೇ ಇಲ್ಲ. ದೈವದಾಣೆ."

ಆಣೆ ಹಾಕಿದ್ದೇ ತೊಂದರೆಯಾಯಿತು. ಅಬ್ದುಲ್ಲಾ ಬಂದವನೇ ಶೆಡ್ಡಿಗೆ ನುಗ್ಗಿದ, ಬಗ್ಗಿ ನೋಡಿ, "ಇದನ್ನು ಯಾರು ಮುಟ್ಟಿದ್ದು?" ಎಂದು ಕೂಗಿದ. ಖೈರುನ್ನಿಸಾ ಮಗುವನ್ನು ಎತ್ತಿಕೊಂಡು ಬಂದು, ನಾನಲ್ಲ ಎಂದಳು. ಜುವೈರಿಯಾ ಬಾಗಿಲ ಹಿಂದೆ ಗೋಡೆಯಾಗಿದ್ದಳು. ಅಬ್ದುಲ್ಲಾ ಗಿರಿಯಪ್ಪನತ್ತ ತಿರುಗಿದ. ಗಿರಿಯಪ್ಪನಿಗೆ ಆಣೆ ನೆನಪಾಯಿತು, ಬೇರೆ ದಾರಿ ಹೊಳೆಯಲಿಲ್ಲ, ಮತ್ತು ಪೆನ್ನು ಬಹಳ ಚಂದವಿತ್ತು.

"ಅದು... ನಾನು ಸುಮ್ಮನೆ ಕೂತಿದ್ದೆ ಅಲ್ವಾ ಅಬ್ದುಲ್ಲಾಕ. ಸ್ವಲ್ಪ ಕೈ ಹಾಕಿದೆ."

"ನೀವು? ಬಲ್ಬ್ ಬದಲಿಸ್ಲಿಕ್ಕೆ ಮೆಕ್ಯಾನಿಕನ್ನು ಕರೀತೀರಿ, ನೀವು?"

"ಕಲೆ ಅಂದ್ರೆ ಹಾಗೇ. ಒಳಗೆ ಇರ್ತದೆ. ನಮಗೇ ಗೊತ್ತಿರುದಿಲ್ಲ."

ಅಬ್ದುಲ್ಲಾ ಪೆನ್ನನ್ನು ಮತ್ತೊಮ್ಮೆ ನೋಡಿದ, ಗೆಳೆಯನ ದಪ್ಪ ಬೆರಳುಗಳನ್ನು ನೋಡಿದ. "ಆಯ್ತು. ಹಾಗಾದ್ರೆ ಉಳಿದರ್ಧವೂ ನೀವೇ. ಊಟ ಆದ ಕೂಡ್ಲೇ."

ಗಿರಿಯಪ್ಪ ತನ್ನ ಜನ್ಮದಲ್ಲಿ ಅಷ್ಟು ನಿಧಾನವಾಗಿ ಊಟ ಮಾಡಿದವನಲ್ಲ. ಬಿರಿಯಾನಿಯನ್ನು ಮೂರು ಸಲ ಹಾಕಿಸಿಕೊಂಡ. ಲವಂಗವನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟ. ಊಟವಾದ ಮೇಲೆ ಚಹಾ ಕೇಳಿದ, ಚಹಾ ಆದ ಮೇಲೆ ಮಗುವನ್ನು ಆಡಿಸುತ್ತೇನೆಂದ, ಮಗು ಅವನ ತೊಡೆಯ ಮೇಲೆ ನಿದ್ದೆ ಮಾಡಿದ್ದರಿಂದ ಏಳಲಾಗುವುದಿಲ್ಲವೆಂದ. ಖೈರುನ್ನಿಸಾ ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕಿದಳು. ಅಬ್ದುಲ್ಲಾ ಇಳಿಹೊತ್ತಿನ ಅಸರ್ ನಮಾಝಿಗೆ ಮಸೀದಿಗೆ ಹೋಗಿ ಬರುವಷ್ಟರಲ್ಲಿ ಜೇಕಬ್ ಬಂದಾಗಿತ್ತು, ಕೈಯಲ್ಲಿ ಅಳತೆಯ ಟೇಪು, ಜೇಬಿನಲ್ಲಿ ಸ್ಕ್ರೂಡ್ರೈವರ್.

"ಒಡೆದಾಯ್ತಾ?" ಎಂದು ಕೇಳಿದ, ಬಹಳ ಮರ್ಯಾದೆಯಿಂದ.

"ಈಗ ಒಡೀತಾರೆ, ಕೂತ್ಕೊಳ್ಳಿ," ಎಂದ ಅಬ್ದುಲ್ಲಾ.

ಗಿರಿಯಪ್ಪ ಲೇತಿನ ಮುಂದೆ ಕೂತ. ಒಮ್ಮೆ ಅಡುಗೆಮನೆಯ ಬಾಗಿಲಿನ ಕಡೆ ನೋಡಿದ. ಬಲಿಗೆ ಹೊರಟ ಕೋಳಿಯ ನೋಟ ಅದು. ಅಬ್ದುಲ್ಲಾ ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಗಿರಿಯಪ್ಪ ಕೈಗೆ ಸಿಕ್ಕಿದ ಕಾಗದವನ್ನು, ಅದು ನಾನೂರರದ್ದು, ಅದೂ ಒಣಗಿದ್ದು, ಎತ್ತಿ ಕೆಳಗರ್ಧಕ್ಕೆ ಒತ್ತಿದ. ಹೆದರಿದವರ ಕೈ ಯಾವಾಗಲೂ ಜೋರಾಗಿಯೇ ಒತ್ತುತ್ತದೆ.

ಬಾಗಿಲ ಹಿಂದೆ ಜುವೈರಿಯಾ ಆ ಸದ್ದನ್ನು ಕೇಳಿದಳು. ಲೇತ್ ಹಾಡುವುದು ಬಿಟ್ಟು ನರಳತೊಡಗಿತ್ತು. "ಅಕ್ಕ!" ಎಂದು ತಿರುಗಿದಳು. ಅಕ್ಕ ಚಾಪೆಯ ಮೇಲೆ ಕೈಕಟ್ಟಿ ನಮಾಝಿಗೆ ನಿಂತಿದ್ದಳು. ನಮಾಝಿನಲ್ಲಿದ್ದವರನ್ನು ಮನೆಗೆ ಬೆಂಕಿ ಬಿದ್ದ ಹೊರತು ಕರೆಯುವಂತಿಲ್ಲ. ಜುವೈರಿಯಾ ತೊಟ್ಟಿಲನ್ನು ನೋಡಿದಳು. ಫಾಯಿಝ್ ಬಾಯಿ ತೆರೆದು ಮಲಗಿದ್ದ, ಎಚ್ಚರವಿದ್ದರೂ ಅವನಿಗೆ ಮಾತು ಬರುತ್ತಿರಲಿಲ್ಲ. ಅಕ್ಕ ಮೊಣಕಾಲಿಗೆ ಕೈಯೂರಿ ರುಕೂಗೆ ಬಾಗಿದಳು. ಇನ್ನೂ ಎಷ್ಟೋ ಬಾಕಿ ಇತ್ತು. ಸುಟ್ಟ ರಬ್ಬರಿನಂಥ ವಾಸನೆ ಅಡುಗೆಮನೆಗೆ ಬಂತು. ಇನ್ನು ಸ್ವಲ್ಪವೇ, ಟಿಕ್ ಎನ್ನುತ್ತದೆ. ಆಮೇಲೆ ಜೇಕಬನ ಮನೆಯಲ್ಲಿ ದೋಸೆ.

"ಗಿರಿಯಪ್ಪಣ್ಣ, ಕೈ ತೆಗೀರಿ! ಒಡೀತದೆ!"

ಅಷ್ಟು ದೊಡ್ಡ ಸ್ವರ ತನ್ನದೇ ಎಂದು ಅವಳಿಗೆ ತಿಳಿದದ್ದು ಶೆಡ್ಡಿನ ನಡುವೆ ನಿಂತ ಮೇಲೆ. ಗಿರಿಯಪ್ಪ ಬಿಸಿ ಕಾವಲಿ ಮುಟ್ಟಿದವನಂತೆ ಕೈ ಎತ್ತಿ, ಸ್ಟೂಲಿನಿಂದಲೂ ಎದ್ದುಬಿಟ್ಟ. ಅವಳು ಶಾಲನ್ನು ಸರಿಯಾಗಿ ತಲೆಗೆಳೆದುಕೊಂಡು, ಯಾರ ಮುಖವನ್ನೂ ನೋಡದೆ, ಸ್ವಿಚ್ ಆರಿಸಿದಳು, ಪ್ಲಗ್ ಕಿತ್ತಳು. ಕೆಳಗರ್ಧದ ಮೇಲೆ ಅಂಗೈ ಇಟ್ಟು ಬಿಸಿ ಆರುವ ತನಕ ಕಾದಳು. ಆಮೇಲೆ ತಟ್ಟೆಗೆ ನೀರು ಹೊಯ್ದು ಕೂತಳು.

ಮೂವರು ಗಂಡಸರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಕಾಗದ ನೀರಿಗೆ ಇಳಿಯಿತು, ಸುತ್ತಿತು, ನಿಂತಿತು, ಉದ್ದಕ್ಕೆ ಹೋಯಿತು. ನಾನೂರರ ಗಾಯ ಮಾಯಲು ಬಹಳ ಹೊತ್ತು ಬೇಕಾಯಿತು. ಅಬ್ದುಲ್ಲಾ ಮೊದಲು ಬಾಗಿಲನ್ನು ನೋಡಿದ, ಬಾಗಿಲು ಖಾಲಿ ಇತ್ತು. ಆಮೇಲೆ ಗಿರಿಯಪ್ಪನನ್ನು ನೋಡಿದ. ಗಿರಿಯಪ್ಪ ಸೂರಿನಲ್ಲಿ ಏನೋ ಆಸಕ್ತಿಯದನ್ನು ಕಂಡಿದ್ದ. ಕೊನೆಗೆ ಅಬ್ದುಲ್ಲಾ ಅವಳ ಬೆರಳುಗಳನ್ನೇ ನೋಡತೊಡಗಿದ, ವರ್ಕ್‌ಶಾಪಿನಲ್ಲಿ ಹೊಸಬನ ಕೆಲಸವನ್ನು ನೋಡುವ ಹಾಗೆ, ತಪ್ಪು ಹುಡುಕುತ್ತ. ಒಂದೂವರೆ ಸಾವಿರದ ಹೊತ್ತಿಗೆ ಹುಡುಕುವುದನ್ನು ಬಿಟ್ಟ. ಹಲ್ಲುಪುಡಿ ಬಂದಾಗ ಅದರ ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದ.

ಎರಡರ್ಧಗಳೂ ಒಂದೇ ಮುತ್ತಿನಂತಾದವು.

ಅಬ್ದುಲ್ಲಾ ಅವುಗಳನ್ನು ಸರಳಿನಿಂದ ಕಳಚಿ, ನಿಬ್ಬು, ಕ್ಲಿಪ್ಪು ಒತ್ತಿ ಕೂರಿಸಿ ಪೆನ್ನು ಮಾಡಿದ. ಮಸಿ ತುಂಬಿ ಗಿರಿಯಪ್ಪನ ಹಳೆಯ ಪೇಪರಿನ ಅಂಚಿನಲ್ಲಿ ಒಂದು ಗೆರೆ ಎಳೆದ. ಅಲ್ಲಿಗೆ ಎಲ್ಲರಿಗೂ ಒಟ್ಟಿಗೆ ಮಾತು ಬಂತು.

"ನೀರು ಹಾಕಿ ಅಂತ ಬೆಳಿಗ್ಗೆಯೇ ಹೇಳಿದ್ದೆ. ಪಾಯಿಂಟ್ ಉಂಟು ಅಂದಿದ್ದೆ ಅಲ್ವಾ?" ಎಂದ ಗಿರಿಯಪ್ಪ.

"ಗಿರಿಯಪ್ಪಣ್ಣ, ನಿಮ್ಮ ಒಳಗೆ ಇನ್ನೇನೇನು ಕಲೆ ಉಂಟು, ಒಮ್ಮೆಲೇ ಹೇಳಿಬಿಡಿ."

"ಆಣೆ ಹಾಕಿದ್ದೆ ಮಾರಾಯ್ರೆ! ಆಣೆ ಹಾಕಿದವ ಎಂತ ಮಾಡುದು?"

"ಕಡೆದದ್ದು ಯಾರು? ಕಡೆಯುವುದು ಸರಿ ಇಲ್ಲದಿದ್ರೆ ಪಾಲಿಶ್ ಎಲ್ಲಿ ಕೂರ್ತದೆ?"

"ಅಲ್ಲ ಅಬ್ದುಲ್ಲಾಕ," ಜೇಕಬ್ ಟೇಪನ್ನು ಮೋಟಾರಿನ ಮೇಲೆ ಇಟ್ಟೇ ಕೇಳಿದ, "ಪ್ಲಗ್ ಕಿತ್ತು ಕೈಯಲ್ಲೇ ತಿರುಗಿಸುದಾದ್ರೆ ನಿಮಗೆ ಈ ಮೋಟಾರು ಯಾಕೆ?"

ಅಬ್ದುಲ್ಲಾ ಕಡೆಯಲಿಕ್ಕೆ ಮೋಟಾರು ಬೇಕೇ ಬೇಕೆಂದ. ಗಿರಿಯಪ್ಪ ಹನ್ನೆರಡು ಪೆನ್ನಿಗೆ ಹನ್ನೆರಡು ಸಲ ಬೇಕೆಂದ. ಜೇಕಬ್ ದೋಸೆಯ ಹಿಟ್ಟು ದಿನಾ ಬೇಕೆಂದ. ನಮಾಝ್ ಮುಗಿಸಿದ ಖೈರುನ್ನಿಸಾ ಚಾಪೆ ಸುತ್ತುತ್ತ ಬಾಗಿಲಿಗೆ ಬಂದು, ತಂಗಿ ಇದ್ದ ಜಾಗವನ್ನು ಕಂಡು, ಚಾಪೆಯನ್ನು ಅರ್ಧಕ್ಕೇ ಬಿಟ್ಟಳು. ಆದರೂ ರೂಢಿ ಅಂತ ಒಂದಿದೆಯಲ್ಲ. ಹೇಳುವುದೇನಾದರೂ ಇದ್ದರೆ ದಾಟಿಸೋಣವೆಂದು ತಂಗಿಯ ಬಾಯಿಯನ್ನು ನೋಡಿದಳು.

ಜುವೈರಿಯಾಳ ಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಅವಳು ಅಕ್ಕನ ಕಡೆ ತಿರುಗಲಿಲ್ಲ. ಅಬ್ದುಲ್ಲಾನ ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತ, ಎಲ್ಲರಿಗೂ ಕೇಳುವಷ್ಟು ಸ್ವರದಲ್ಲಿ ಹೇಳಿದಳು:

"ಭಾವ, ಆ ಹನ್ನೆರಡರ ಪಾಲಿಶ್ ನನಗೆ ಕೊಡಿ."

ಗದ್ದಲ ನಿಂತಿತು. ಅಬ್ದುಲ್ಲಾ ಮೋಟಾರಿನ ಮೇಲಿದ್ದ ಟೇಪನ್ನು ಎತ್ತಿ ಜೇಕಬನ ಕೈಗೆ ಕೊಟ್ಟು, ಎರಡು ಸಾವಿರದ ಕಾಗದವನ್ನು ಅವಳ ಕಡೆ ಸರಿಸಿದ.